ಕೆಡುತ್ತಿರುವ ಹಾರ್ಡ್ ಡಿಸ್ಕ್: ಮೊದಲು ಬಾಚಿ, ಆಮೇಲೆ ಆರಿಸಿ

ಫೋಲ್ಡರ್ ತೆರೆಯಲು ಐದು ನಿಮಿಷ, ಒಂದು ಫೋಟೊ ಕ್ಲಿಕ್ ಮಾಡಿದರೆ ಇಡೀ ಕಂಪ್ಯೂಟರ್ ಸ್ತಬ್ಧ. ಮದುವೆ ಸ್ಟುಡಿಯೊದ ಡಿಸ್ಕ್ ಆಗಲಿ, ಅಡಿಕೆ ಮಂಡಿಯ ಲೆಕ್ಕದ ಡಿಸ್ಕ್ ಆಗಲಿ, ಕೆಡುವ ಸೂಚನೆ ಸಾಮಾನ್ಯವಾಗಿ ಹೀಗೇ ಇರುತ್ತದೆ. ಈ ಹೊತ್ತಿನಲ್ಲಿ ವಿಂಡೋಸ್ ‘ಡಿಸ್ಕ್ ಸರಿಪಡಿಸಲೇ’ ಎಂದು ಕೇಳಿದರೆ ದಯವಿಟ್ಟು ಒಪ್ಪಬೇಡಿ. ಆಗ ಓಡುವ ಚೆಕ್‌ಡಿಸ್ಕ್ ಸರಿಪಡಿಸುವುದು ಫೈಲ್ ಸಿಸ್ಟಮ್ಮಿನ (ಯಾವ ಫೈಲ್ ಎಲ್ಲಿದೆ ಎಂಬುದರ) ಲೆಕ್ಕವನ್ನು, ನಿಮ್ಮ ಫೈಲುಗಳನ್ನಲ್ಲ. ಓದಲಾಗದ ಜಾಗದ ಮೇಲೆ ಅದು ಬರೆಯಲು ಹೊರಟರೆ ಉಳಿದಿದ್ದೂ ಹೋಗಬಹುದು. ಕಾಪಿ-ಪೇಸ್ಟ್ ಕೂಡ ಬೇಡ. ಕೆಟ್ಟ ಸೆಕ್ಟರ್ (ಡಿಸ್ಕಿನ ಅತಿ ಸಣ್ಣ ತುಂಡು) ಸಿಕ್ಕ ಕಡೆಯೇ ಡಿಸ್ಕ್ ಮತ್ತೆ ಮತ್ತೆ ಪ್ರಯತ್ನಿಸುತ್ತ ತನ್ನ ಉಳಿದ ಆಯುಷ್ಯವನ್ನು ಅಲ್ಲೇ ಕಳೆಯುತ್ತದೆ.

ಅಂಗಳದಲ್ಲಿ ಅಡಿಕೆ ಹರವಿದ್ದಾಗ ಮೋಡ ಕಟ್ಟಿದರೆ ಬೆಟ್ಟೆ ಯಾವುದು, ಗೊರಬಲು ಯಾವುದು ಎಂದು ಯಾರೂ ಆರಿಸುತ್ತ ಕೂರುವುದಿಲ್ಲ. ಕೈಗೆ ಸಿಕ್ಕಷ್ಟನ್ನು ಬಾಚಿ ಒಳಗೆ ಹಾಕುತ್ತಾರೆ. ಕೆಡುತ್ತಿರುವ ಡಿಸ್ಕಿನಿಂದ ಡೇಟಾ ಎತ್ತಿಕೊಳ್ಳುವ ಲಿನಕ್ಸ್ ಸಾಧನ ಗ್ನೂ ಡಿಡಿರೆಸ್ಕ್ಯೂ (ddrescue) ಮಾಡುವುದೂ ಇದನ್ನೇ. ಮೊದಲ ಸುತ್ತಿನಲ್ಲಿ ಸಲೀಸಾಗಿ ಓದಲು ಬರುವುದನ್ನೆಲ್ಲ ದೊಡ್ಡ ತುಂಡುಗಳಲ್ಲಿ ಎತ್ತಿಕೊಳ್ಳುತ್ತದೆ, ತಡವರಿಸುವ ಜಾಗವನ್ನು ಹಾರಿಸಿ ಮುಂದೆ ಹೋಗುತ್ತದೆ. ಹಾರಿಸಿದ ಜಾಗಗಳ ಅಂಚನ್ನು ಆಮೇಲೆ ಕತ್ತರಿಸುತ್ತ ಬರುತ್ತದೆ, ನಂತರ ಉಳಿದದ್ದನ್ನು ಒಂದೊಂದೇ ಸೆಕ್ಟರ್ ಆಗಿ ಕೆರೆಯುತ್ತದೆ, ಎಲ್ಲಕ್ಕಿಂತ ಕೊನೆಗೆ ಮರುಪ್ರಯತ್ನ. ಉಬುಂಟು, ಡೆಬಿಯನ್‌ಗಳಲ್ಲಿ ಪ್ಯಾಕೇಜಿನ ಹೆಸರು ‘ಜಿಡಿಡಿರೆಸ್ಕ್ಯೂ’ (gddrescue), ಓಡಿಸುವ ಆಜ್ಞೆ ಮಾತ್ರ ‘ಡಿಡಿರೆಸ್ಕ್ಯೂ’. ನಡುವೆ ಅಂಡರ್‌ಸ್ಕೋರ್ ಇರುವ ‘ಡಿಡಿ_ರೆಸ್ಕ್ಯೂ’ ಬೇರೆಯದೇ ಸಾಧನ, ಅದರ ಆಯ್ಕೆಗಳೂ ಬೇರೆ.

ಆಜ್ಞೆ ಕೊಡುವ ಮೊದಲು ಕಿವಿಗೊಡಿ. ಟಿಕ್ ಟಿಕ್ ಎಂದು ಒಂದೇ ಲಯದಲ್ಲಿ ಬಡಿಯುತ್ತಿದ್ದರೆ ಡಿಸ್ಕನ್ನು ಓದುವ ಹೆಡ್ ಹೋಗಿರುವ ಸಾಧ್ಯತೆಯೇ ಹೆಚ್ಚು. ಅದನ್ನು ಆಫ್ ಮಾಡಿ, ಮತ್ತೆ ವಿದ್ಯುತ್ ಕೊಡದೆ ಧೂಳಿಲ್ಲದ ಕ್ಲೀನ್ ರೂಮ್ ಇರುವ ಲ್ಯಾಬ್‌ಗೆ ಕಳಿಸಬೇಕು. ಸಿಡಿಲು ಬಡಿದು ತಿರುಗುವುದನ್ನೇ ನಿಲ್ಲಿಸಿದ ಡಿಸ್ಕ್‌ಗೂ ಈ ಸಾಧನ ಉಪಯೋಗವಿಲ್ಲ. ಅಲ್ಲಿ ಸಾಮಾನ್ಯವಾಗಿ ಹೋಗಿರುವುದು ಡಿಸ್ಕಿನ ಸರ್ಕ್ಯೂಟ್ ಬೋರ್ಡ್. ಅದೇ ಮಾದರಿಯ ಬೇರೆ ಬೋರ್ಡ್ ತಂದು ಹಾಕಿದರೂ ಹೆಚ್ಚಿನ ಡಿಸ್ಕ್‌ಗಳಲ್ಲಿ ಹಳೆಯ ಬೋರ್ಡಿನ ಆರ್‌ಒಎಂ (ROM) ಚಿಪ್ಪನ್ನು ಹೊಸದಕ್ಕೆ ಬೆಸುಗೆ ಹಾಕದೆ ಕೆಲಸ ಆಗದು. ಮಳೆಯಲ್ಲಿ ಚೀಲದೊಳಗೆ ಬಂದ ಡಿಸ್ಕನ್ನು ಎರಡು ಮೂರು ಗಂಟೆ ಒಣ ಕೋಣೆಯಲ್ಲಿಟ್ಟು ಆಮೇಲೆ ಜೋಡಿಸಿ. ಸಾಮಾನ್ಯ ಡಿಸ್ಕ್‌ಗಳಿಗೆ ಉಸಿರಾಟದ ರಂಧ್ರ ಇರುತ್ತದೆ, ತೇವ ಒಳಗೂ ಹೋಗುತ್ತದೆ. ಫ್ರೀಜರ್‌ನಲ್ಲಿಡುವ ಹಳೆಯ ಉಪಾಯವನ್ನು ನಮ್ಮ ಆಗುಂಬೆ ಸೀಮೆಯ ಹವೆಯಲ್ಲಂತೂ ಯೋಚಿಸಲೂ ಬೇಡಿ, ಹೊರತೆಗೆದ ಕೂಡಲೇ ಬೆವರುತ್ತದೆ.

ಸದ್ದು ಸರಿಯಿದ್ದರೆ ಡಿಸ್ಕಿನ ಆರೋಗ್ಯ ತೋರಿಸುವ ‘ಸ್ಮಾರ್ಟ್‌ಸಿಟಿಎಲ್ -ಎ’ (smartctl -a) ಆಜ್ಞೆ ಕೊಟ್ಟು ನಾಲ್ಕು ಸಾಲು ಓದಿ. 5 ಎಂಬ ಸಂಖ್ಯೆಯ ಸಾಲು ಬದಲಿ ಜಾಗಕ್ಕೆ ಹೋದ ಸೆಕ್ಟರ್‌ಗಳು, 197 ಓದಲಾಗದೆ ಬಾಕಿ ಇರುವವು, 198 ಡಿಸ್ಕ್ ತಾನೇ ಪರೀಕ್ಷಿಸಿ ಕೈಬಿಟ್ಟವು. 199 ಮಾತ್ರ ಏರುತ್ತಿದ್ದರೆ ಕೇಬಲ್ ಬದಲಿಸಿ ನೋಡಿ, ಡಿಸ್ಕ್ ಚೆನ್ನಾಗಿಯೇ ಇರಬಹುದು.

ಕೆಡುತ್ತಿರುವ ಡಿಸ್ಕ್ ಮೂಲ, ಅದರಿಂದ ಎತ್ತಿದ್ದನ್ನು ಇಡುವ ಡಿಸ್ಕ್ ಗುರಿ. ಗುರಿ ಡಿಸ್ಕ್ ಮೂಲಕ್ಕಿಂತ ದೊಡ್ಡದಿರಬೇಕು. 1 ಟಿಬಿ ಡಿಸ್ಕಿನ ಇಮೇಜು (ಇಡೀ ಡಿಸ್ಕಿನ ಪ್ರತಿ ಇರುವ ಒಂದೇ ಫೈಲ್) ಫಾರ್ಮ್ಯಾಟ್ ಮಾಡಿದ ಇನ್ನೊಂದು 1 ಟಿಬಿ ಡಿಸ್ಕಿನಲ್ಲಿ ಹಿಡಿಸದು, 2 ಟಿಬಿ ಇಟ್ಟುಕೊಳ್ಳಿ. ಗುರಿ ಡಿಸ್ಕಿನ ಫಾರ್ಮ್ಯಾಟ್ ಫ್ಯಾಟ್32 ಆಗಿದ್ದರೆ 4 ಜಿಬಿಗೇ ನಿಂತುಬಿಡುತ್ತದೆ, ಇಎಕ್ಸ್‌ಟಿ4 ಮಾಡಿಕೊಳ್ಳಿ. ಪೆನ್‌ಡ್ರೈವ್‌ನಿಂದ ಲೈವ್ ಲಿನಕ್ಸ್ (ಇನ್‌ಸ್ಟಾಲ್ ಮಾಡದೆ ಓಡುವ ಲಿನಕ್ಸ್) ಬೂಟ್ ಮಾಡಿ, ಡಿಸ್ಕ್ ತಾನಾಗಿ ಮೌಂಟ್ ಆಗುವುದನ್ನು (ಫೈಲುಗಳು ಬಳಕೆಗೆ ತೆರೆದುಕೊಳ್ಳುವುದನ್ನು) ಮೊದಲೇ ನಿಲ್ಲಿಸಿ. ಸಾಧ್ಯವಿದ್ದರೆ ಯುಎಸ್‌ಬಿ ಬಾಕ್ಸಿನಿಂದ ಡಿಸ್ಕ್ ಬಿಚ್ಚಿ ನೇರವಾಗಿ ಕಂಪ್ಯೂಟರಿನೊಳಗಿನ ಸಾಟಾ ಕೇಬಲ್‌ಗೆ ಹಾಕಿ. ಅಗ್ಗದ ಯುಎಸ್‌ಬಿ ಬಾಕ್ಸ್‌ಗಳು ದೋಷ ಬಂದಾಗ ಡಿಸ್ಕನ್ನೇ ಕೈಬಿಡುತ್ತವೆ. ಕೆಲವು ಪೋರ್ಟಬಲ್ ಡಿಸ್ಕ್‌ಗಳಲ್ಲಿ ಯುಎಸ್‌ಬಿ ಬೋರ್ಡಿಗೇ ಬೆಸೆದಿರುತ್ತದೆ, ಅಲ್ಲಿ ಬೇರೆ ದಾರಿಯಿಲ್ಲ.

ಆಜ್ಞೆಯಲ್ಲಿ ಮೊದಲು ಆಯ್ಕೆಗಳು, ಆಮೇಲೆ ಮೂಲ, ಆಮೇಲೆ ಗುರಿ, ಕೊನೆಗೆ ಮ್ಯಾಪ್‌ಫೈಲ್ (ಓದಿದ್ದರ ಲೆಕ್ಕದ ಫೈಲ್). ಮೂಲ ಮತ್ತು ಗುರಿ ಅದಲುಬದಲಾದರೆ ಉಳಿಸಬೇಕಾದದ್ದರ ಮೇಲೆಯೇ ಬರೆದಂತೆ. ಹಾಗಾಗಿ ಡಿಸ್ಕ್‌ಗಳ ಪಟ್ಟಿ ಕೊಡುವ ‘ಎಲ್‌ಎಸ್‌ಬಿಎಲ್‌ಕೆ’ (lsblk) ಆಜ್ಞೆಯಲ್ಲಿ ಸೀರಿಯಲ್ ನಂಬರ್ ತರಿಸಿ, ಡಿಸ್ಕಿನ ಮೇಲಿನ ಚೀಟಿಯ ಜೊತೆ ಬೆರಳಿಟ್ಟು ಹೋಲಿಸಿ. ಲಿನಕ್ಸ್ ಡಿಸ್ಕ್‌ಗಳಿಗೆ ಕೊಡುವ ಎಸ್‌ಡಿಬಿ, ಎಸ್‌ಡಿಸಿ ಎಂಬ ಹೆಸರುಗಳನ್ನು ನಂಬಬೇಡಿ. ಡಿಸ್ಕ್ ಒಮ್ಮೆ ಬಿಟ್ಟುಹೋಗಿ ಮರಳಿದರೆ ಕೊನೆಯ ಅಕ್ಷರ ಬದಲಾಗಬಹುದು, ‘ಬೈ-ಐಡಿ’ (/dev/disk/by-id) ಕೆಳಗಿನ ಹೆಸರು ಬದಲಾಗದು.

ಮ್ಯಾಪ್‌ಫೈಲ್ ಇಲ್ಲದೆ ಯಾವ ಕಾರಣಕ್ಕೂ ಶುರು ಮಾಡಬೇಡಿ. ಎಲ್ಲಿಯವರೆಗೆ ಓದಿದೆ, ಯಾವುದು ಬಾಕಿ ಎಂಬ ಲೆಕ್ಕವೆಲ್ಲ ಅದರಲ್ಲಿರುತ್ತದೆ. ಅದನ್ನು ಇಡಬೇಕಾದದ್ದು ಗುರಿ ಡಿಸ್ಕಿನಲ್ಲಿ. ಲೈವ್ ಲಿನಕ್ಸಿನ ಹೋಮ್ ಫೋಲ್ಡರ್ ಇರುವುದು ಮೆಮೊರಿಯಲ್ಲಿ, ಗಾಳಿಮಳೆಗೆ ಕರೆಂಟ್ ಹೋದರೆ ಲೆಕ್ಕವೂ ಹೋಯಿತು. ಮ್ಯಾಪ್‌ಫೈಲ್ ಉಳಿದಿದ್ದರೆ ಅದೇ ಆಜ್ಞೆ ಮತ್ತೆ ಕೊಟ್ಟಾಗ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಎರಡೂವರೆ ಇಂಚಿನ ಡಿಸ್ಕ್ ಲ್ಯಾಪ್‌ಟಾಪಿನ ಬ್ಯಾಟರಿಯ ಮೇಲೆ ನಡೆಯುತ್ತದೆ. ಮೂರೂವರೆ ಇಂಚಿನದಕ್ಕೆ 12 ವೋಲ್ಟ್ ಬೇಕು, ಯುಪಿಎಸ್ ಇಲ್ಲದೆ ಕೈ ಹಾಕಬೇಡಿ. ಮನೆಯ ಇನ್ವರ್ಟರ್ ಆದರೆ ಯುಪಿಎಸ್ ಮೋಡ್‌ಗೆ ಹಾಕಿ.

ಮೊದಲ ಸುತ್ತಿಗೆ ಸಣ್ಣಕ್ಷರದ ‘-ಎನ್’ (-n) ಕೊಡಿ. ಅದು ಕೆರೆಯುವ ಹಂತವನ್ನು ಬಿಟ್ಟುಬಿಡುತ್ತದೆ. ಸೆಕೆಂಡಿಗೆ 100 ಎಂಬಿ ಬಂದರೆ 1 ಟಿಬಿಗೆ ಮೂರು ಗಂಟೆಯೊಳಗೆ ಮುಗಿಯುತ್ತದೆ. ಹಳೆಯ ಯುಎಸ್‌ಬಿ 2 ಆದರೆ ಒಂಬತ್ತು ಗಂಟೆಗೂ ಮೇಲೆ. ವೇಗ ಕೆಬಿಗೆ ಇಳಿದರೂ ಗಾಬರಿಯಿಲ್ಲ. ಆದರೆ ವೇಗ ಸೊನ್ನೆಯಾಗಿ ದೋಷದ ಎಣಿಕೆ ದಿಢೀರನೆ ಏರತೊಡಗಿದರೆ ಡಿಸ್ಕ್ ಸಂಪರ್ಕ ಕಡಿದುಕೊಂಡಿದೆ ಎಂದರ್ಥ. ಕಂಟ್ರೋಲ್-ಸಿ ಒತ್ತಿ ನಿಲ್ಲಿಸಿ, ವಿದ್ಯುತ್ ತೆಗೆದು ತಣ್ಣಗಾಗಲು ಬಿಡಿ. ಮತ್ತೆ ಜೋಡಿಸಿ ದೊಡ್ಡಕ್ಷರದ ‘-ಎ’ (-A) ಸೇರಿಸಿ ಓಡಿಸಿದರೆ, ಹಾಗೆ ತಪ್ಪಾಗಿ ಗುರುತಾದ, ಇನ್ನೂ ಕತ್ತರಿಸದ ಮತ್ತು ಕೆರೆಯದ ಭಾಗಗಳನ್ನು ಹೊಸದಾಗಿ ಓದುತ್ತದೆ. ಡಿಸ್ಕಿಗೆ ಒಂದು ಸಣ್ಣ ಫ್ಯಾನ್ ಹಿಡಿಯುವುದು ಯಾವಾಗಲೂ ಒಳ್ಳೆಯದು.

ಎರಡನೇ ಸುತ್ತಿನಲ್ಲಿ ‘-ಎನ್’ ತೆಗೆದು, ಸಣ್ಣಕ್ಷರದ ‘-ಡಿ’ (-d) ಮತ್ತು ‘-ಆರ್3’ (-r3) ಹಾಕಿ. ಮೊದಲನೆಯದು ಲಿನಕ್ಸಿನ ಕ್ಯಾಶ್ (ಮೆಮೊರಿಯ ತಾತ್ಕಾಲಿಕ ಸಂಗ್ರಹ) ಬಿಟ್ಟು ನೇರವಾಗಿ ಓದಿಸುತ್ತದೆ, ಎರಡನೆಯದು ಕೆಟ್ಟ ಸೆಕ್ಟರ್‌ಗಳಿಗೆ ಇನ್ನೂ ಮೂರು ಅವಕಾಶ ಕೊಡುತ್ತದೆ. ದೊಡ್ಡಕ್ಷರದ ‘-ಆರ್’ (-R) ಬೇರೆ: ಅದು ಡಿಸ್ಕಿನ ಕೊನೆಯಿಂದ ಮೊದಲಿನತ್ತ ಓದುತ್ತದೆ. ಮೊದಲಿನಿಂದ ಓದಿದಾಗ ಬಾರದ ಸೆಕ್ಟರ್ ಕೆಲವೊಮ್ಮೆ ಹೀಗೆ ಬರುವುದುಂಟು. ಹತ್ತು ಇಪ್ಪತ್ತು ಸುತ್ತು ಓಡಿಸುವವರಿದ್ದಾರೆ. ನಮ್ಮ ಅಭಿಪ್ರಾಯದಲ್ಲಿ ಒಂದು ಸುತ್ತಿನಲ್ಲಿ ಹೊಸದೇನೂ ಬಾರದಿದ್ದರೆ ಅಲ್ಲಿಗೆ ನಿಲ್ಲಿಸಬೇಕು.

ಇಮೇಜು ಸಿಕ್ಕ ಮೇಲೆ ಮೂಲ ಡಿಸ್ಕನ್ನು ಬಿಚ್ಚಿ ಎತ್ತಿಡಿ. ಕೆಲಸವೆಲ್ಲ ಇಮೇಜಿನ ಪ್ರತಿಯ ಮೇಲೆ, ರೀಡ್-ಓನ್ಲಿ (ಓದಲು ಮಾತ್ರ) ಮೌಂಟ್ ಮಾಡಿಯೇ ನಡೆಯಲಿ. 40 ಸಾವಿರ ಫೋಟೊಗಳಲ್ಲಿ ಹಾಳಾದವು ಯಾವುವು ಎಂದು ತಿಳಿಯಲು ಒಂದು ದಾರಿಯಿದೆ. ಬೇರೆಲ್ಲೂ ಬಾರದಂಥ ಒಂದು ಪದವನ್ನು ಸಣ್ಣ ಫೈಲಿನಲ್ಲಿ ಬರೆದು, ಅದನ್ನು ಮೂಲವಾಗಿ ಕೊಟ್ಟು, ಇಮೇಜು ಮತ್ತು ಮ್ಯಾಪ್‌ಫೈಲುಗಳ ಪ್ರತಿಯ ಮೇಲೆ ಡಿಡಿರೆಸ್ಕ್ಯೂವಿನ ಫಿಲ್ ಮೋಡ್ ಓಡಿಸಿ. ಓದಲಾಗದ ಜಾಗಗಳಲ್ಲೆಲ್ಲ ಆ ಪದ ತುಂಬುತ್ತದೆ. ಆಮೇಲೆ ಮೌಂಟ್ ಮಾಡಿ ಪದ ಹುಡುಕುವ ಗ್ರೆಪ್ (grep) ಆಜ್ಞೆಯಿಂದ ಹುಡುಕಿದರೆ ಪೆಟ್ಟು ತಿಂದ ಫೈಲುಗಳ ಪಟ್ಟಿ ಕೈಗೆ ಬರುತ್ತದೆ. ಗ್ರಾಹಕರಿಗೆ ಆ ಪಟ್ಟಿಯನ್ನು ಕೊಡಲೇಬೇಕು.

ಇಮೇಜು ಮೌಂಟ್ ಆಗದಿದ್ದರೆ ಪಾರ್ಟಿಶನ್ ಸರಿಪಡಿಸುವ ಟೆಸ್ಟ್‌ಡಿಸ್ಕ್, ಅದೂ ಸೋತರೆ ಫೈಲುಗಳನ್ನು ನೇರವಾಗಿ ಹುಡುಕಿ ತೆಗೆಯುವ ಫೋಟೊರೆಕ್. ಫೋಟೊರೆಕ್‌ನಲ್ಲಿ ಬಂದ ಫೈಲಿಗೆ ಸಾಮಾನ್ಯವಾಗಿ ಹಳೆಯ ಹೆಸರು ಇರದು, ಫೋಲ್ಡರೂ ಇರದು. ಸಹಕಾರ ಸಂಘ, ಶಾಲೆ, ಪತ್ರಿಕಾ ಕಚೇರಿಗಳ ಹಳೆಯ ಡಿಸ್ಕ್ ಆದರೆ ಇನ್ನೊಂದು ಎಚ್ಚರ ಬೇಕು. ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಟೈಪ್ ಮಾಡಿದ ದಾಖಲೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಂತೆ ಕಾಣುತ್ತದೆ. ಕನ್ನಡ ಪದ ಕೊಟ್ಟು ಹುಡುಕಿದರೂ ಸಿಗದು. ಕೆಟ್ಟ ಫೈಲ್ ಎಂದು ಅಳಿಸುವ ಮೊದಲು ಆ ಫಾಂಟ್ ಹಾಕಿ ಒಮ್ಮೆ ತೆರೆದು ನೋಡಿ.