ಇಂಟರ್ನೆಟ್ಟಿನ ಇತಿಹಾಸವೂ ದಾವಣಗೆರೆಯ ಒಂದು ರಿಜಿಸ್ಟರೂ

ದಾವಣಗೆರೆಯ ವಿದ್ಯಾನಗರದ ಕಡೆ, ಈಗ ಜೆರಾಕ್ಸ್ ಮಾಡುವ, ಆನ್‌ಲೈನ್ ಅರ್ಜಿ ತುಂಬಿಕೊಡುವ ಮಳಿಗೆಯೊಂದು ಹಿಂದೆ ಸೈಬರ್ ಸೆಂಟರ್ ಆಗಿತ್ತು. ಅಟ್ಟ ಖಾಲಿ ಮಾಡುವಾಗ ಸಿಕ್ಕ ಉದ್ದನೆಯ ರಿಜಿಸ್ಟರೊಂದನ್ನು ಮಾಲೀಕರು ನನ್ನ ಕೈಗಿಟ್ಟರು. 2012ರದು. ಅಂಚನ್ನು ಗೆದ್ದಲು ತಿಂದಿದೆ. ಒಳಗೆ ಸ್ಕೇಲಿಟ್ಟು ಎಳೆದ ಕಾಲಂಗಳು: ಹೆಸರು, ವಿಳಾಸ, ಗುರುತಿನ ಚೀಟಿ, ಕಂಪ್ಯೂಟರ್ ಸಂಖ್ಯೆ, ಬಂದ ಸಮಯ, ಹೋದ ಸಮಯ, ಸಹಿ. ಮೇ ತಿಂಗಳ ಒಂದು ದಿನದ ಸರದಿ ಮೂರು ಪುಟ ಹಿಡಿದಿದೆ. ಬಂದವರೆಲ್ಲ ಹತ್ತು ನಿಮಿಷದೊಳಗೆ ಹೊರಟಿದ್ದಾರೆ. “ಅವತ್ತು ಪಿಯುಸಿ ಫಲಿತಾಂಶ” ಎಂದರು ಮಾಲೀಕರು.

ಸೈಬರ್ ಸೆಂಟರುಗಳು ಇಂಥ ದಾಖಲೆಯನ್ನು ಕನಿಷ್ಠ ಒಂದು ವರ್ಷ ಕಾಪಾಡಬೇಕೆಂದು ಕೇಂದ್ರ ಸರ್ಕಾರ 2011ರಲ್ಲಿ ನಿಯಮ ಮಾಡಿತ್ತು. ಉದ್ದೇಶ ಪೊಲೀಸ್ ತನಿಖೆಗೆ ಅನುಕೂಲವಾಗಲಿ ಎಂಬುದು. ವರ್ಷ ಕಳೆದ ಮೇಲೆ ಯಾರೂ ಕೇಳುವುದಿಲ್ಲ, ಪುಸ್ತಕ ಗುಜರಿಗೆ ಹೋಗುತ್ತದೆ. ನನ್ನನ್ನು ಕಾಡುವುದು ಇದೇ. ಏಕೆಂದರೆ ಇಂಟರ್ನೆಟ್ಟಿನ ಇತಿಹಾಸದ ಮೊದಲ ಪುಟವೂ ಇಂಥದ್ದೇ ಒಂದು ಕೈಬರಹದ ದಾಖಲೆ.

1969ರ ಅಕ್ಟೋಬರ್ 29ರ ರಾತ್ರಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಯೋಗಾಲಯದಿಂದ ಚಾರ್ಲಿ ಕ್ಲೈನ್ ಎಂಬ ವಿದ್ಯಾರ್ಥಿ, ನೂರಾರು ಕಿಲೋಮೀಟರ್ ದೂರದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಕಂಪ್ಯೂಟರಿಗೆ ಇಂಟರ್ನೆಟ್ಟಿನ ಪೂರ್ವರೂಪವಾದ ಅರ್ಪಾನೆಟ್ ಜಾಲದ ಮೂಲಕ ‘ಲಾಗಿನ್’ ಎಂದು ಕಳಿಸಲು ಹೊರಟರು. ಎಲ್ ಹೋಯಿತು, ಓ ಹೋಯಿತು, ಅಷ್ಟರಲ್ಲಿ ಆಚೆಯ ಯಂತ್ರ ಕೈಕೊಟ್ಟಿತು. ಸುಮಾರು ಒಂದು ಗಂಟೆಯ ನಂತರ ಸಂಪರ್ಕ ಪೂರ್ತಿ ಸಾಧ್ಯವಾಯಿತು. ಪ್ರಯೋಗಾಲಯದ ದಿನಚರಿಯಲ್ಲಿ ರಾತ್ರಿ 10:30ರ ಎದುರು, ಆ ಕಂಪ್ಯೂಟರಿನ ಜೊತೆ ಮಾತಾಯಿತು ಎಂಬರ್ಥದ ಒಂದೇ ಸಾಲು ಇದೆ. ಪಕ್ಕದಲ್ಲಿ ಬರೆದವರ ಹೆಸರಿನ ಮೊದಲ ಅಕ್ಷರಗಳು. ಆ ಸಾಲು ಉಳಿಯದಿದ್ದರೆ ಇಂದು ನಾವು ಹೇಳುವ ದಿನಾಂಕಕ್ಕೂ ಗಳಿಗೆಗೂ ಆಧಾರವೇ ಇರುತ್ತಿರಲಿಲ್ಲ.

ಇಂಟರ್ನೆಟ್ ಇತಿಹಾಸದ ಆರಂಭದ ಬರಹಗಳು ಬಹುಪಾಲು ಇಂಥ ಸಾಹಸಿಗಳ ಕಥೆಗಳೇ. ಅಣುಬಾಂಬ್ ಬಿದ್ದರೂ ಕೆಡದ ಜಾಲ ಬೇಕೆಂದು ಅಮೆರಿಕದ ಸೇನೆ ಇಂಟರ್ನೆಟ್ ಕಟ್ಟಿಸಿತು ಎಂಬ ಮಾತು ಆಗಲೇ ಬೇರೂರಿತು, ನಮ್ಮ ಪಠ್ಯಗಳಲ್ಲೂ ಸೇರಿಕೊಂಡಿತು. ಅದರಲ್ಲಿ ಅರ್ಧ ಸತ್ಯವಿದೆ. 1960ರ ದಶಕದ ಆರಂಭದಲ್ಲಿ ರ್‍ಯಾಂಡ್ ಎಂಬ ಅಮೆರಿಕದ ಸಂಶೋಧನಾ ಸಂಸ್ಥೆಯ ಪಾಲ್ ಬಾರನ್ ಮಾಹಿತಿಯನ್ನು ತುಂಡು ಮಾಡಿ ಕಳಿಸುವ ಜಾಲವನ್ನು ಯೋಚಿಸಿದ್ದು ಯುದ್ಧವನ್ನು ಮನಸ್ಸಿನಲ್ಲಿಟ್ಟುಕೊಂಡೇ. ಆದರೆ ಅರ್ಪಾನೆಟ್ಟಿಗೆ ಹಣ ಕೊಡಿಸಿದ, ಅಮೆರಿಕದ ರಕ್ಷಣಾ ಇಲಾಖೆಯ ಸಂಶೋಧನಾ ವಿಭಾಗದ ಅಧಿಕಾರಿ ಬಾಬ್ ಟೇಲರ್ ಅವರ ತೊಂದರೆ ಬೇರೆಯದು. ಅವರ ಕೋಣೆಯಲ್ಲಿ ಮೂರು ಊರಿನ ಮೂರು ಕಂಪ್ಯೂಟರುಗಳಿಗೆ ಮೂರು ಪ್ರತ್ಯೇಕ ಟರ್ಮಿನಲ್ಲುಗಳಿದ್ದವು, ಒಂದಕ್ಕೊಂದು ಸಂಬಂಧವಿಲ್ಲ. ದುಬಾರಿ ಯಂತ್ರಗಳನ್ನು ಎಲ್ಲರೂ ಹಂಚಿಕೊಂಡು ಬಳಸುವ ದಾರಿ ಅವರಿಗೆ ಬೇಕಿತ್ತು. ಇತ್ತ ಇಂಗ್ಲೆಂಡಿನ ಡೊನಾಲ್ಡ್ ಡೇವಿಸ್, ಬಾರನ್ ಕೆಲಸದ ಸುಳಿವೇ ಇಲ್ಲದೆ, ಮಾಹಿತಿಯನ್ನು ತುಂಡು ಮಾಡಿ ಕಳಿಸುವ ಅದೇ ಉಪಾಯ ಕಂಡುಕೊಂಡು ಆ ತುಂಡಿಗೆ ‘ಪ್ಯಾಕೆಟ್’ ಎಂದು ಹೆಸರಿಟ್ಟಿದ್ದರು.

ಈ ಸಿಕ್ಕನ್ನು ದಾಖಲೆ ಹಿಡಿದು ಬಿಡಿಸಿದವರಲ್ಲಿ ಇತಿಹಾಸಕಾರರಾದ ಜಾನೆಟ್ ಅಬಾಟೆ ಮುಖ್ಯರು. 1999ರಲ್ಲಿ ಪ್ರಕಟವಾದ ಅವರ ಅಧ್ಯಯನ ಬಳಕೆದಾರರನ್ನು ಕಥೆಯ ನಡುವೆ ತಂದಿತು. ಯಂತ್ರ ಹಂಚಿಕೊಳ್ಳಲೆಂದು ಕಟ್ಟಿದ ಜಾಲದಲ್ಲಿ ಜನ ಹೆಚ್ಚಾಗಿ ಮಾಡಿದ್ದು ಪತ್ರ ಬರೆಯುವುದನ್ನು. ಇಮೇಲ್ ಇಷ್ಟು ಬೆಳೆಯುತ್ತದೆಂದು ಕಟ್ಟಿದವರು ಎಣಿಸಿರಲಿಲ್ಲ. ಆಮೇಲೆ ಸಂಶೋಧಕರು ಅಮೆರಿಕದ ಆಚೆಗೂ ಹೊರಟರು: ಚಿಲಿ, ಸೋವಿಯತ್ ಒಕ್ಕೂಟ, ಫ್ರಾನ್ಸ್. ಈ ವಿಷಯಕ್ಕೆಂದೇ 2017ರಲ್ಲಿ ವಿದ್ವತ್ ಪತ್ರಿಕೆಯೊಂದು ಶುರುವಾಯಿತು. ಅದರ ಹೆಸರಿನಲ್ಲಿ ‘ಇತಿಹಾಸಗಳು’ ಎಂಬ ಬಹುವಚನವಿದೆ.

ಆ ಬಹುವಚನದಲ್ಲಿ ನಮ್ಮ ಪಾಲೂ ಇದೆ. ಭಾರತದಲ್ಲಿ 1986ರಲ್ಲಿ ಶಿಕ್ಷಣ, ಸಂಶೋಧನಾ ಸಂಸ್ಥೆಗಳನ್ನು ಬೆಸೆಯುವ ಎರ್ನೆಟ್ ಯೋಜನೆ ಆರಂಭವಾದಾಗ ಐದು ಐಐಟಿಗಳ ಜೊತೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಇತ್ತು. ಜನಸಾಮಾನ್ಯರಿಗೆ ಆಗಿನ ಸರ್ಕಾರಿ ದೂರಸಂಪರ್ಕ ಸಂಸ್ಥೆ ವಿಎಸ್‌ಎನ್‌ಎಲ್ ಇಂಟರ್ನೆಟ್ ತೆರೆದದ್ದು 1995ರ ಆಗಸ್ಟ್ 15ರಂದು. ಸರಿಯಾಗಿ ಎರಡು ವರ್ಷದ ಬಳಿಕ, ಅದೇ ದಿನ, ದಾವಣಗೆರೆ ಚಿತ್ರದುರ್ಗದಿಂದ ಬೇರ್ಪಟ್ಟು ಜಿಲ್ಲೆಯಾಯಿತು. ಇಲ್ಲಿಗೆ ಇಂಟರ್ನೆಟ್ ಬಂದದ್ದು ಎಸ್‌ಟಿಡಿ ಬೂತುಗಳ ಮೂಲಕ, ಕಾಲೇಜು ಲ್ಯಾಬುಗಳ ಮೂಲಕ, ಫಲಿತಾಂಶಕ್ಕೆ ಕಾದು ನಿಂತ ಸಾಲುಗಳ ಮೂಲಕ.

ಪರದೆಯ ಮೇಲೆ ಇದ್ದದ್ದಾದರೂ ಉಳಿದಿದೆಯೇ? 1996ರಿಂದ ‘ಇಂಟರ್ನೆಟ್ ಆರ್ಕೈವ್’ ಸಂಸ್ಥೆ ಜಾಲತಾಣಗಳ ಪ್ರತಿ ತೆಗೆದಿಡುತ್ತಿದೆ. ಕನ್ನಡಕ್ಕೆ ಅಲ್ಲೊಂದು ವಿಶೇಷ ಸಂಕಟವಿದೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ಏಕರೂಪದ ಸಂಕೇತ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮುಂಚೆ ಒಂದೊಂದು ಕನ್ನಡ ಫಾಂಟಿಗೆ ಒಂದೊಂದು ಸಂಕೇತ. ಪುಟದ ಪ್ರತಿ ಇದ್ದರೂ ಆ ಫಾಂಟ್ ಇಲ್ಲದಿದ್ದರೆ ‘ಕ’ ಇರಬೇಕಾದಲ್ಲಿ ಅರ್ಥವಿಲ್ಲದ ರೋಮನ್ ಚಿಹ್ನೆಗಳು ಕಾಣುತ್ತವೆ. ಲಿಪಿಯ ಕೀಲಿ ಕಳೆದುಹೋದ ಶಾಸನದ ಹಾಗೆ.

ಶಾಸನ ಓದಿಸುವ ಕೆಲಸ ಈ ಸೀಮೆಗೆ ಹೊಸದಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಶಾಸನತಜ್ಞ ಬಿ. ಎಲ್. ರೈಸ್ 1892ರಲ್ಲಿ ಅಶೋಕನ ಶಾಸನ ಪತ್ತೆ ಮಾಡಿದರು. ಚಿತ್ರದುರ್ಗ ಜಿಲ್ಲೆಯ ಶಾಸನಗಳದ್ದೇ ಒಂದು ಸಂಪುಟ ತಂದರು. ದಾನ ಕೊಟ್ಟ ಗೌಡ, ಸತ್ತ ವೀರ, ಕೆರೆ ಕಟ್ಟಿಸಿದವರು, ಎಲ್ಲರೂ ಅಂಥ ಸಂಪುಟಗಳಲ್ಲಿ ಸಾಲಾಗಿ ನಿಂತಿದ್ದಾರೆ. ಸೈಬರ್ ಸೆಂಟರಿನ ರಿಜಿಸ್ಟರಿಗೂ ಅಂಥ ಓದುಗರು ಬೇಕು. ಯಾವ ಹೊತ್ತಿಗೆ ಜನ ಬರುತ್ತಿದ್ದರು, ಎಷ್ಟು ಹೊತ್ತು ಕೂರುತ್ತಿದ್ದರು, ಹಳ್ಳಿಗಳಿಂದ ಬಂದವರೆಷ್ಟು, ಹೆಣ್ಣುಮಕ್ಕಳು ಒಬ್ಬರೇ ಬರುತ್ತಿದ್ದರೋ ಜೊತೆಗಾರರೊಂದಿಗೋ, ಎಲ್ಲಕ್ಕೂ ಇದರಲ್ಲಿ ಸುಳಿವಿದೆ.

ಅದರಲ್ಲಿರುವವರು ಇದೇ ಊರಿನಲ್ಲಿ ಬದುಕಿದ್ದಾರೆ ಎಂಬುದನ್ನೂ ಮರೆಯುವಂತಿಲ್ಲ. ಆದ್ದರಿಂದ ಹೆಸರು, ಗುರುತಿನ ಚೀಟಿ, ಸಹಿಯ ಕಾಲಂಗಳನ್ನು ಬಿಟ್ಟು, ವಿಳಾಸದಲ್ಲಿ ಊರನ್ನಷ್ಟೇ ತೆಗೆದುಕೊಂಡು, ಬಂದ ಮತ್ತು ಹೋದ ಸಮಯವನ್ನು ಸಂಜೆ ಹೊತ್ತು ನಕಲು ಮಾಡುತ್ತಿದ್ದೇನೆ. ಅಟ್ಟದಲ್ಲಿ ಇನ್ನೆರಡು ರಿಜಿಸ್ಟರುಗಳಿವೆಯಂತೆ, ಗುಜರಿಯವರಿಗೆ ಕೊಡುವುದಿಲ್ಲವೆಂದು ಮಾಲೀಕರು ಮಾತು ಕೊಟ್ಟಿದ್ದಾರೆ. ನಾನೀಗ ಜೂನ್ ತಿಂಗಳವರೆಗೆ ಬಂದಿದ್ದೇನೆ.