ಟಿಬಿ ಬ್ಯಾಕ್ಟೀರಿಯಾದ ಜೀನೋಮ್ ಓದಿದ್ರೆ ಏನೇನು ಗೊತ್ತಾಗತ್ತೆ

ಟಿಬಿ ಅಂದ್ರೆ ಹಳೇ ಕಾಲದ ಕಾಯಿಲೆ ಅಂತ ಎಷ್ಟೋ ಜನ ಅಂದ್ಕೊಂಡಿದಾರೆ, ಆದ್ರೆ ಜಗತ್ತಿನ ಟಿಬಿ ರೋಗಿಗಳಲ್ಲಿ ಹೆಚ್ಚುಕಮ್ಮಿ ಕಾಲು ಭಾಗ ಈಗ್ಲೂ ನಮ್ಮ ದೇಶದವರೇ. ಆರು ತಿಂಗಳು ಬಿಡದೆ ಮಾತ್ರೆ ತಗೊಂಡ್ರೆ ವಾಸಿಯಾಗತ್ತೆ ಅನ್ನೋದು ನಿಜ, ಆದ್ರೆ ಆ ಮಾತ್ರೆಗೆ ಬ್ಯಾಕ್ಟೀರಿಯಾ ಬಗ್ಗಬೇಕಲ್ಲ. ಬಗ್ಗದೇ ಇರೋ ತಳಿ ಒಳಗೆ ಸೇರ್ಕೊಂಡಿದ್ರೆ ರೋಗಿ ಪಾಪ ದಿನಾ ತಪ್ಪದೆ ಮಾತ್ರೆ ನುಂಗ್ತಾನೇ ಇರ್ತಾರೆ, ತೂಕ ಇಳೀತಾನೇ ಇರತ್ತೆ, ಮನೆಯವರಿಗೂ ಅಂಟ್ತಾ ಇರತ್ತೆ. ಮೊದಲೆಲ್ಲ ಇದನ್ನ ಪತ್ತೆ ಹಚ್ಚೋಕೆ ಕಫನ ಕಲ್ಚರ್‌ಗೆ ಹಾಕಿ ಕಾಯೋದೊಂದೇ ದಾರಿ, ಈ ಬ್ಯಾಕ್ಟೀರಿಯಾನೋ ಒಂದು ಎರಡಾಗೋಕೇ ಸುಮಾರು ಒಂದು ದಿನ ತಗೊಳತ್ತೆ, ಅದು ಬೆಳೆದು, ಆಮೇಲೆ ಔಷಧಿ ಹಾಕಿ ನೋಡಿ ರಿಪೋರ್ಟ್ ಕೈಗೆ ಬರೋ ಹೊತ್ತಿಗೆ ಎರಡು ಮೂರು ತಿಂಗಳೇ ಆಗೋಗಿರ್ತಿತ್ತು.

1998ರಲ್ಲಿ ಈ ಬ್ಯಾಕ್ಟೀರಿಯಾದ ಪೂರ್ತಿ ಜೀನೋಮ್ (ಅಂದ್ರೆ ಅದರ ಡಿಎನ್‌ಎ ಅಕ್ಷರಗಳ ಇಡೀ ಸಾಲು) ಓದಿದ್ರು. ಸುಮಾರು 44 ಲಕ್ಷ ಅಕ್ಷರ, 4,000ದಷ್ಟು ಜೀನ್. ಅದರಲ್ಲಿ ಆರ್‌ಪಿಒಬಿ ಅಂತ ಒಂದು ಜೀನ್ ಇದೆ, ರಿಫಾಂಪಿಸಿನ್ (ಮೂತ್ರನ ಕಿತ್ತಳೆ ಬಣ್ಣ ಮಾಡೋ ಔಷಧಿ) ಹೋಗಿ ಕೂರೋದು ಈ ಜೀನ್ ತಯಾರು ಮಾಡೋ ಪ್ರೋಟೀನ್ ಮೇಲೆ. ಆ ಜೀನಿನ ಒಂದು ಜಾಗದಲ್ಲಿ ಟಿ-ಸಿ-ಜಿ ಅಂತ ಇರಬೇಕಾದ್ದು ಟಿ-ಟಿ-ಜಿ ಆದ್ರೆ ಸಾಕು, ಔಷಧಿಗೆ ಕೂರೋ ಜಾಗನೇ ಸರಿಹೋಗಲ್ಲ. 44 ಲಕ್ಷದಲ್ಲಿ ಒಂದೇ ಒಂದು ಅಕ್ಷರ, ಅಷ್ಟಕ್ಕೆ ಮುಖ್ಯ ಔಷಧಿನೇ ಕೆಲಸಕ್ಕೆ ಬರದ ಹಾಗೆ ಆಗತ್ತೆ.

ಈ ಜೀನಿನ 81 ಅಕ್ಷರದ ಚಿಕ್ಕ ಭಾಗದಲ್ಲೇ ಹೆಚ್ಚಿನ ಬದಲಾವಣೆ ಆಗೋದ್ರಿಂದ ಅಷ್ಟನ್ನ ಮಾತ್ರ ನೋಡೋ ಮಷಿನ್‌ಗಳು ಬಂದ್ವು, ನಮ್ಮಲ್ಲಿ ಸಿಬಿನಾಟ್ ಅಂತಾರಲ್ಲ ಅದು, ಆಮೇಲೆ ಟ್ರೂನಾಟ್. ಟ್ರೂನಾಟ್ ತಯಾರಿಸೋ ಕಂಪನಿ ಗೋವಾದ್ದು, ಆದ್ರೆ ಅದರ ಹಿಂದಿನ ಸಂಶೋಧನೆ ನಡೆದಿದ್ದು ಬೆಂಗಳೂರಿನ ಬಿಗ್‌ಟೆಕ್ ಲ್ಯಾಬಲ್ಲಿ. ಬ್ಯಾಟರಿ ಮೇಲೆ ನಡೆಯತ್ತೆ, ಎಸಿ ರೂಮ್ ಬೇಕಾಗಿಲ್ಲ, ಹಾಗಾಗಿ ಪಿಎಚ್‌ಸಿಲೂ ಇಡಬಹುದು, 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆನೂ ಒಪ್ಪಿಗೆ ಕೊಡ್ತು. ನಮ್ಮೂರಲ್ಲಿ ಹುಟ್ಟಿದ ಕೆಲಸ ಅಂತ ನನಗಂತೂ ತುಂಬ ಹೆಮ್ಮೆ ಇದೆ.

ಆದ್ರೆ ಚಿಕ್ಕ ಭಾಗ ಮಾತ್ರ ನೋಡಿದ್ರೆ ಉಳಿದಿದ್ದು ಕಾಣಲ್ಲ. ಆಫ್ರಿಕಾದ ಸ್ವಾಜಿಲ್ಯಾಂಡಲ್ಲಿ (ಈಗ ಎಸ್ವಾಟಿನಿ ಅಂತಾರೆ) ಆಗಿದ್ದು ಇದೇ. ಅಲ್ಲಿ ಅದೇ ಆರ್‌ಪಿಒಬಿ ಜೀನಿನಲ್ಲಿ, ಆದ್ರೆ ಆ 81 ಅಕ್ಷರದಿಂದ ಸ್ವಲ್ಪ ಆಚೆ ಬದಲಾವಣೆ ಆಗಿದ್ದ ತಳಿ ಹರಡಿತ್ತು, ಮಷಿನ್ ರಿಪೋರ್ಟಲ್ಲಿ ರಿಫಾಂಪಿಸಿನ್ ಕೆಲಸ ಮಾಡತ್ತೆ ಅಂತ ಬರ್ತಿತ್ತು, ಡಾಕ್ಟರು ಅದನ್ನೇ ನಂಬಿ ಅದೇ ಮಾತ್ರೆ ಕೊಡ್ತಿದ್ರು. 2015ರಲ್ಲಿ ಪ್ರಕಟವಾದ ಅಧ್ಯಯನ ನೋಡಿದ್ರೆ ಎಂಡಿಆರ್ (ರಿಫಾಂಪಿಸಿನ್ ಸೇರಿ ಎರಡು ಮುಖ್ಯ ಔಷಧಿಗೂ ಬಗ್ಗದ) ತಳಿಗಳಲ್ಲಿ ಶೇ 30ರಷ್ಟು ಈ ಥರದ್ದೇ. ಆ ಟೆಸ್ಟ್ ಕೆಟ್ಟದ್ದು ಅಂತ ಹೇಳ್ತಿಲ್ಲ, ಲಕ್ಷಾಂತರ ಜನರಲ್ಲಿ ಟಿಬಿನ ಬೇಗ ಪತ್ತೆ ಹಚ್ಚಿದೆ ಅದು, ಆದ್ರೆ ಒಂದು ಊರಲ್ಲಿ ಯಾವ ತಳಿ ಓಡಾಡ್ತಿದೆ ಅಂತ ಆಗಾಗ ಪೂರ್ತಿ ಜೀನೋಮ್ ಓದಿ ನೋಡ್ದೇ ಇದ್ರೆ ಟೆಸ್ಟಿನ ಕಣ್ಣು ತಪ್ಪಿಸೋ ತಳಿಗೆ ನಾವೇ ದಾರಿ ಮಾಡಿಕೊಟ್ಟ ಹಾಗಾಗತ್ತೆ.

ಪೂರ್ತಿ ಓದೋದ್ರಿಂದ ಇನ್ನೊಂದು ಲಾಭ ಇದೆ, ನನಗೆ ಅತಿ ಮುಖ್ಯ ಅನ್ಸೋದು ಇದೇ. ಈ ಬ್ಯಾಕ್ಟೀರಿಯಾದ ಜೀನೋಮಲ್ಲಿ ಸರಾಸರಿ ಎರಡು ವರ್ಷಕ್ಕೆ ಒಂದು ಅಕ್ಷರ ಬದಲಾಗತ್ತೆ. ಹಾಗಾಗಿ ಇಬ್ಬರು ರೋಗಿಗಳ ಬ್ಯಾಕ್ಟೀರಿಯಾ ನಡುವೆ ಐದು ಅಕ್ಷರದೊಳಗೆ ವ್ಯತ್ಯಾಸ ಇದ್ರೆ ಇತ್ತೀಚೆಗೆ ಒಬ್ಬರಿಂದ ಒಬ್ಬರಿಗೆ ಅಂಟಿರೋ ಸಾಧ್ಯತೆ ಜಾಸ್ತಿ, ಹನ್ನೆರಡು ದಾಟಿದ್ರೆ ಆ ಸಾಧ್ಯತೆ ಕಮ್ಮಿ ಅಂತ ಇಂಗ್ಲೆಂಡಲ್ಲಿ ಲೆಕ್ಕ ಹಾಕಿದ್ರು, 2017ರಿಂದ ಅಲ್ಲಿ ಕಲ್ಚರಲ್ಲಿ ಬ್ಯಾಕ್ಟೀರಿಯಾ ಬೆಳೆದ ಟಿಬಿ ರೋಗಿಗಳಿಗೆ ಈ ಪರೀಕ್ಷೆ ಮಾಮೂಲಿಯಾಗಿ ಶುರುವಾಯ್ತು. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 2006ರಿಂದ 2008ರೊಳಗೆ ಒಂದೇ ಊರಿನ ಸುತ್ತ 41 ಜನಕ್ಕೆ ಟಿಬಿ ಬಂತು, ಹಳೇ ಡಿಎನ್‌ಎ ಟೆಸ್ಟಲ್ಲಿ ಎಲ್ಲ ಒಂದೇ ತಳಿ ಅಂತ ಬಂದಿದ್ದಕ್ಕೆ ಯಾರೋ ಒಬ್ಬರಿಂದ ಶುರುವಾಗಿರಬೇಕು ಅಂದ್ಕೊಂಡಿದ್ರು. ಜೆನಿಫರ್ ಗಾರ್ಡಿ ಅನ್ನೋ ವಿಜ್ಞಾನಿ ಮತ್ತವರ ತಂಡ ಪೂರ್ತಿ ಜೀನೋಮ್ ಓದಿ, ಯಾರು ಯಾರ ಜೊತೆ ಎಲ್ಲಿ ಕೂತು ಮಾತಾಡ್ತಿದ್ರು ಅನ್ನೋ ಮಾಹಿತಿನೂ ಅದರ ಜೊತೆಗಿಟ್ಟು ನೋಡಿದಾಗ ಎರಡು ಬೇರೆ ಬೇರೆ ತಳಿ ಒಟ್ಟೊಟ್ಟಿಗೆ ಹರಡ್ತಿದ್ದಿದ್ದು ಗೊತ್ತಾಯ್ತು. ಎರಡೂ ತಳಿ ಒಂದೇ ಸಮಯಕ್ಕೆ ಹೆಚ್ಚಾಗ್ಬೇಕು ಅಂದ್ರೆ ಕಾರಣ ಬ್ಯಾಕ್ಟೀರಿಯಾದಲ್ಲಿಲ್ಲ, ಊರಲ್ಲಿದೆ ಅಂತಾಯ್ತಲ್ಲ. ಹುಡುಕಿದ್ರೆ ಅದೇ ಸಮಯಕ್ಕೆ ಅಲ್ಲಿ ಕ್ರ್ಯಾಕ್ ಕೊಕೇನ್ ಸೇದೋದು ಜಾಸ್ತಿ ಆಗಿತ್ತು.

ಹೀಗೆ ಗೊತ್ತಾದಾಗ ಆರೋಗ್ಯ ಇಲಾಖೆಯವರು ಇಡೀ ಜಿಲ್ಲೆಗೆ ಒಂದೇ ಕ್ಯಾಂಪೇನ್ ಮಾಡೋ ಬದಲು ಎಲ್ಲಿ ಹರಡ್ತಿದ್ಯೋ ಅಲ್ಲಿಗೇ ಹೋಗಬಹುದು. ಆದ್ರೆ ಒಂದು ಎಚ್ಚರ ಬೇಕು. ಎರಡು ಜೀನೋಮ್ ಹತ್ತಿರ ಇದೆ ಅಂದ ಮಾತ್ರಕ್ಕೆ ಯಾರು ಯಾರಿಗೆ ಕೊಟ್ರು ಅನ್ನೋದು ಗ್ಯಾರಂಟಿಯಾಗಿ ಗೊತ್ತಾಗಲ್ಲ, ಟಿಬಿ ಬಂತು ಅಂದ್ರೆ ತಟ್ಟೆ ಲೋಟ ಬೇರೆ ಇಡೋ ಮನೆಗಳು ಇನ್ನೂ ಇರೋವಾಗ ಇವರಿಂದಲೇ ಬಂತು ಅಂತ ಬೆರಳು ತೋರಿಸೋಕೆ ಈ ಮಾಹಿತಿ ಬಳಸಲೇಬಾರದು.

ನಮ್ಮಲ್ಲಿ ಈಗ ಇದು ಅರ್ಜೆಂಟಾಗಿ ಬೇಕಾಗಿರೋದಕ್ಕೆ ಕಾರಣ ಹೊಸ ಔಷಧಿಗಳು. ಎಂಡಿಆರ್ ಟಿಬಿಗೆ ಮೊದಲು ಒಂದೂವರೆ ಎರಡು ವರ್ಷದ ಚಿಕಿತ್ಸೆ, ಕಿವಿ ಕೇಳಿಸದ ಹಾಗೆ ಮಾಡೋ ಇಂಜೆಕ್ಷನ್ ಬೇರೆ. 2024ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಹೊಸ ಕೋರ್ಸ್ ಆರೇ ತಿಂಗಳು, ಬರೀ ಮಾತ್ರೆ. ಅದರ ಮುಖ್ಯ ಔಷಧಿ ಬೆಡಾಕ್ವಿಲಿನ್. ಇದಕ್ಕೆ ಪ್ರತಿರೋಧ ತರೋ ಬದಲಾವಣೆ ಒಂದೇ ಕಡೆ ಇರಲ್ಲ, ಸಂಬಂಧಪಟ್ಟ ಜೀನಿನ ಉದ್ದಕ್ಕೂ ಎಲ್ಲಿ ಬೇಕಾದ್ರೂ ಆಗಬಹುದು, ಚಿಕ್ಕ ಭಾಗ ನೋಡೋ ಟೆಸ್ಟ್ ಇಲ್ಲಿ ಸಾಲಲ್ಲ. ಕಲ್ಚರ್ ಇಲ್ಲದೆ ನೇರ ಕಫದಿಂದಲೇ ಬೇಕಾದ ಜೀನ್‌ಗಳನ್ನಷ್ಟೇ ಪೂರ್ತಿ ಓದೋ ವಿಧಾನನ 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದೆ, ಕೆಲವೇ ದಿನದಲ್ಲಿ ರಿಸಲ್ಟ್ ಬರತ್ತೆ. ಅದು ಜಿಲ್ಲಾ ಮಟ್ಟಕ್ಕೆ ಬರೋವರೆಗೂ, ನಿಮಗೋ ಮನೇಲಿ ಯಾರಿಗೋ ಎರಡು ವಾರ ಮೀರಿ ಕೆಮ್ಮಿದ್ರೆ ಸರ್ಕಾರಿ ಆಸ್ಪತ್ರೆಗೆ ಹೋಗಿ ಸಿಬಿನಾಟ್ ಅಥವಾ ಟ್ರೂನಾಟ್ ಮಾಡಿ ಅಂತ ಕೇಳಿ, ದುಡ್ಡು ಕೊಡಬೇಕಾಗಿಲ್ಲ. ಟಿಬಿ ಇದೆ ಅಂತ ಬಂದ್ರೆ ಅಷ್ಟಕ್ಕೇ ವಾಪಸ್ ಬರಬೇಡಿ, ರಿಫಾಂಪಿಸಿನ್ ರಿಸಲ್ಟ್ ಏನಾಯ್ತು ಅಂತ ಕೇಳಿ, ಮತ್ತೆ ಒಂದೆರಡು ತಿಂಗಳು ಮಾತ್ರೆ ತಗೊಂಡ್ರೂ ಜ್ವರ ಕೆಮ್ಮು ಹೋಗಿಲ್ಲ ಅಂದ್ರೆ ಆ ರಿಸಲ್ಟ್ ಏನೇ ಇದ್ರೂ ಕಫನ ಕಲ್ಚರ್‌ಗೆ ಕಳಿಸಿ ಅಂತ ಪಟ್ಟು ಹಿಡೀರಿ.