ಒಂದೇ ಪಾಯಿಂಟಿನಿಂದ ಸೋತರೆ ನೋವು ಯಾಕೆ ಜಾಸ್ತಿ?

ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಜಿಲ್ಲಾ ಮಟ್ಟದ ಶಾಲಾ ಕಬಡ್ಡಿ ಇದ್ದಾಗ ಸೋತ ತಂಡಗಳನ್ನು ಸುಮ್ನೆ ಗಮನಿಸಿ. ಮೊದಲ ಸುತ್ತಿನಲ್ಲೇ ಇಪ್ಪತ್ತು ಪಾಯಿಂಟಿನಿಂದ ಸೋತ ಹುಡುಗರು ಸ್ವಲ್ಪ ಹೊತ್ತಿಗೆ ಸುಸಲಾ, ಮಿರ್ಚಿ ತಿನ್ನುತ್ತಾ ಒಬ್ಬರನ್ನೊಬ್ಬರು ಕಿಚಾಯಿಸುತ್ತಿರುತ್ತಾರೆ. ಫೈನಲ್‌ನಲ್ಲಿ ಒಂದೇ ಪಾಯಿಂಟಿನಿಂದ ಸೋತವರು ಚಿಂಚೋಳಿ ಬಸ್ ಹತ್ತಿದರೂ ಬಾಯಿ ಬಿಡುವುದಿಲ್ಲ. ಚೆನ್ನಾಗಿ ಆಡಿದವರಿಗೇ ಹೆಚ್ಚು ಸಂಕಟ. ವಿಚಿತ್ರ ಅಲ್ವಾ?

ಇದನ್ನು ವಿಜ್ಞಾನಿಗಳು ಒಲಿಂಪಿಕ್ಸ್‌ನಲ್ಲೂ ನೋಡಿದ್ದಾರೆ. 1992ರ ಬಾರ್ಸಿಲೋನಾ ಕೂಟದ ವಿಡಿಯೋಗಳನ್ನು ಅಮೆರಿಕದ ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳಿಗೆ ತೋರಿಸಿದರು. ಆಟ ಮುಗಿದ ಕ್ಷಣದಲ್ಲಿ ಯಾರ ಮುಖದಲ್ಲಿ ಎಷ್ಟು ಖುಷಿ ಇದೆ ಎಂದು ಹತ್ತಕ್ಕೆ ಅಂಕ ಕೊಡಿ ಎಂದರು. ಕಂಚು ಗೆದ್ದವರಿಗೆ 7.1 ಸಿಕ್ಕಿತು. ಬೆಳ್ಳಿಯವರಿಗೆ ಬರೀ 4.8! ಬೆಳ್ಳಿಯವರ ಮನಸ್ಸು ಕೈತಪ್ಪಿದ ಚಿನ್ನದ ಕಡೆಗೆ ಹೋಗುತ್ತದೆ, ಕಂಚಿನವರು ‘ಸದ್ಯ, ಪದಕವಾದರೂ ಬಂತು’ ಎನ್ನುತ್ತಾರೆ ಎಂಬುದು ಅವರ ವಿವರಣೆ. ಕುಸ್ತಿ ನೋಡುವ ನಮ್ಮ ಕಡೆಯವರಿಗೆ ಇನ್ನೊಂದು ಕಾರಣವೂ ಹೊಳೆದೀತು. ಅಲ್ಲಿ ಕಂಚು ಬರುವುದು ಕೊನೆಯ ಪಂದ್ಯ ಗೆದ್ದಾಗ, ಬೆಳ್ಳಿ ಬರುವುದು ಸೋತಾಗ. ಜೂಡೋದಲ್ಲೂ ಹಾಗೇ. 2004ರ ಅಥೆನ್ಸ್ ಜೂಡೋದಲ್ಲಿ ಫೈನಲ್ ಮುಗಿದ ಗಳಿಗೆಯಲ್ಲಿ ಬೆಳ್ಳಿಯವರೊಬ್ಬರೂ ನಗಲಿಲ್ಲ.

ಗೆಲುವು ಹತ್ತಿರ ಬಂದು ತಪ್ಪಿದಾಗ ಮನಸ್ಸು ಗೆದ್ದ ಪಂದ್ಯವೊಂದನ್ನು ಸಲೀಸಾಗಿ ಕಟ್ಟಿಕೊಳ್ಳುತ್ತದೆ. ‘ಆ ಕೊನೇ ರೇಡ್‌ನಲ್ಲಿ ಕಾಲು ಹಿಂದೆ ಎಳೆದಿದ್ದರೆ...’ 1984ರಲ್ಲಿ ಲಾಸ್ ಏಂಜಲೀಸ್‌ನ 400 ಮೀಟರ್ ಹರ್ಡಲ್ಸ್‌ನಲ್ಲಿ ಪಿ.ಟಿ. ಉಷಾ ಅವರಿಗೆ ಕಂಚು ತಪ್ಪಿದ್ದು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ. ಆ ಲೆಕ್ಕವನ್ನು ದೇಶವೇ ಇನ್ನೂ ಮರೆತಿಲ್ಲ. ಇನ್ನು ಓಡಿದವರ ಮನಸ್ಸಿನ ಗತಿ?

ಇಂಥ ಹೊತ್ತಿನಲ್ಲಿ ನಾವು ಏನು ಮಾಡುತ್ತೇವೆ? ‘ಹೋಗ್ಲಿ ಬಿಡೋ, ಆಟದಾಗ ಸೋಲು ಗೆಲುವು ಇರೋದೇ’ ಎಂದು ಬೆನ್ನು ತಟ್ಟುತ್ತೇವೆ. ಒಳ್ಳೆಯ ಮನಸ್ಸಿನ ಮಾತೇ. ಆದರೆ ಹುಡುಗ ಬಾಯಿ ತೆರೆಯುವ ಮೊದಲೇ ವಿಷಯ ಮುಗಿಸಿಬಿಟ್ಟಂತಾಗುತ್ತದೆ. ‘ನಂಗೆ ಸಿಟ್ಟು ಬಂದದ, ನಾಚಿಕಿ ಆಗ್ಯದ’ ಎಂದು ಅವನೇ ಹೇಳಲಿ. ಭಾವನೆಗೆ ಹೆಸರು ಕೊಟ್ಟಾಗ ಮೆದುಳಿನಲ್ಲಿ ಭಯ, ಉದ್ವೇಗಗಳಿಗೆ ಸ್ಪಂದಿಸುವ ಅಮಿಗ್ಡಲಾದ ಚಟುವಟಿಕೆ ತಗ್ಗುತ್ತದೆ ಎಂದು 2007ರ ಒಂದು ಸ್ಕ್ಯಾನ್ ಅಧ್ಯಯನ ತೋರಿಸಿತು.

ಮರುದಿನದ ಕೆಲಸ ಬೇರೆ. ‘ಹೀಗೆ ಮಾಡಿದ್ದರೆ’ ಎಂಬ ಅದೇ ಯೋಚನೆ ಆಗ ಉಪಯೋಗಕ್ಕೆ ಬರುತ್ತದೆ, ಅದು ನಮ್ಮ ಕೈಯಲ್ಲಿರುವ ವಿಷಯವಾಗಿದ್ದರೆ. ಕಾಲಿನ ಚಲನೆ, ಉಸಿರು, ಕೊನೇ ಎರಡು ನಿಮಿಷದ ಆತುರ, ಇವೆಲ್ಲ ತಿದ್ದಿಕೊಳ್ಳುವಂಥವು. ಅಂಪೈರ್ ತೀರ್ಪನ್ನು ತಿರುಗಿಸಿ ಮುರುಗಿಸಿ ಯೋಚಿಸಿದರೆ ನಿದ್ದೆ ಕೆಡುತ್ತದೆ ಅಷ್ಟೇ.

ತನ್ನನ್ನೇ ಬೈದುಕೊಳ್ಳದಿದ್ದರೆ ಆಟಗಾರ ಸೋಮಾರಿ ಆಗುತ್ತಾನೆ ಎಂದು ಕೆಲವು ಕೋಚ್‌ಗಳು ನಂಬುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಕೆನಡಾದಲ್ಲಿ ಆಟಗಾರ್ತಿಯರಿಗೆ ತಮ್ಮ ಸೋಲಿನ ಬಗ್ಗೆ ಒಂದು ವಾರ ಬರೆಸಿದರು, ಗೆಳತಿಗೆ ಹೇಳುವಷ್ಟು ಮೆತ್ತಗೆ ತಮಗೇ ಹೇಳಿಕೊಳ್ಳುವಂತೆ. ತಪ್ಪನ್ನೇ ಮತ್ತೆ ಮತ್ತೆ ಮೆಲುಕು ಹಾಕುವುದು ಅವರಲ್ಲಿ ಕಡಿಮೆಯಾಯಿತು. ನೋಟ್‌ಬುಕ್ಕು, ಪೆನ್ನು ಬಿಟ್ಟರೆ ಇದಕ್ಕೆ ಖರ್ಚೂ ಇಲ್ಲ. ನಮ್ಮ ಪಿ.ಟಿ. ಮಾಸ್ತರುಗಳು ಮುಂದಿನ ಕ್ರೀಡಾಕೂಟದಲ್ಲೇ ಶುರು ಮಾಡಬಹುದು, ಎರಡನೇ ಸ್ಥಾನ ಬಂದ ತಂಡದಿಂದ.